ಬಿಸಿಲಿನ ಹಗೇವು

ಎರೆಭೂಮಿಯ ಊರುಗಳಲ್ಲಿ ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಕಾಳನ್ನು ಹಗೇವಿಗೆ ಇಳಿಸುತ್ತಿದ್ದರು. ಬೆಳೆ ವರ್ಷಕ್ಕೊಮ್ಮೆ, ಹಸಿವು ದಿನಕ್ಕೆರಡು ಸಲ. ಈ ಎರಡನ್ನೂ ಹೊಂದಿಸುತ್ತಿದ್ದುದು ನೆಲದೊಳಗಿನ ಆ ಗುಂಡಿ. ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯಲ್ಲಿ ಯಾರಾದರೂ ಮನೆಯ ಮೇಲೆ ಸೋಲಾರ್ ಹಾಕಿಸಿ, ಅದೇ ಕರೆಂಟಿನಿಂದ ಅಂಗಳದ ಕಾರನ್ನು ಓಡಿಸುತ್ತೇನೆಂದು ಹೊರಟರೆ ಹಗೇವಿನ ಲೆಕ್ಕವನ್ನೇ ಹಾಕಬೇಕಾಗುತ್ತದೆ.

ಮೊದಲು ಬೆಳೆಯ ಲೆಕ್ಕ. ನಡುಹಗಲಿನ ಬಿಸಿಲು ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1,000 ವಾಟ್ ಶಕ್ತಿಯನ್ನು ಸುರಿಯುತ್ತದೆ. ಈಗಿನ ಸಿಲಿಕಾನ್ ಪ್ಯಾನೆಲ್ ಅದರಲ್ಲಿ ಐದನೇ ಒಂದು ಪಾಲನ್ನು ವಿದ್ಯುತ್ತಾಗಿಸುತ್ತದೆ. 540 ವಾಟ್‌ನ ಆರು ಪ್ಯಾನೆಲ್ ಕೂಡಿಸಿದರೆ 3 ಕಿಲೋವಾಟ್ ದಾಟುತ್ತದೆ. ನಮ್ಮ ಕಡೆ ಒಂದು ಕಿಲೋವಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಹಿಡಿದರೆ, 3 ಕಿಲೋವಾಟ್‌ಗೆ 12 ಯೂನಿಟ್.

ಇನ್ನು ಖರ್ಚು. ಸಣ್ಣ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್‌ಗೆ 6–7 ಕಿ.ಮೀ. ಓಡುತ್ತದೆ. ಧಾರವಾಡಕ್ಕೆ ಹೋಗಿಬರಲು 40 ಕಿ.ಮೀ. ಎಂದುಕೊಳ್ಳಿ, ಚಾರ್ಜ್ ಮಾಡುವಾಗ ಸೋರುವುದೂ ಸೇರಿ 7 ಯೂನಿಟ್ ಸಾಕು. ಉಳಿದ 5 ಯೂನಿಟ್ ಮನೆಯ ಫ್ಯಾನು, ಟಿ.ವಿ., ಮಿಕ್ಸರ್‌ಗೆ. ಕಾರಿಗೆ ಇಷ್ಟು ಕಡಿಮೆ ಹೇಗೆ ಸಾಕಾಗುತ್ತದೆ? ಒಂದು ಲೀಟರ್ ಪೆಟ್ರೋಲ್‌ನಲ್ಲಿ ಅಡಗಿರುವುದು ಸುಮಾರು 9 ಯೂನಿಟ್ ಶಕ್ತಿ. ಅದರ ಬಹುಪಾಲನ್ನು ಎಂಜಿನ್ ಬಿಸಿಯಾಗಿ ಹೊರಗೆ ಚೆಲ್ಲುವುದರಿಂದ ಕಾರು ಓಡುವುದು 18–20 ಕಿ.ಮೀ. ಅದೇ 9 ಯೂನಿಟ್ ಬ್ಯಾಟರಿಯಲ್ಲಿದ್ದರೆ ಮೋಟಾರು ಹೆಚ್ಚುಕಡಿಮೆ 60 ಕಿ.ಮೀ. ಎಳೆಯುತ್ತದೆ.

ಪ್ಯಾನೆಲ್ ಕೊಡುವುದು ಡಿ.ಸಿ. ವಿದ್ಯುತ್ತು. ಇನ್ವರ್ಟರ್ ಅದನ್ನು ಎ.ಸಿ. ಮಾಡಿ ಮನೆಯ ವೈರಿಂಗ್‌ಗೆ ಬಿಡುತ್ತದೆ. ಕಾರಿನೊಳಗಿನ ಚಾರ್ಜರ್ ಮತ್ತೆ ಡಿ.ಸಿ. ಮಾಡಿ ಬ್ಯಾಟರಿಗೆ ತುಂಬುತ್ತದೆ. ಇದಕ್ಕೆ ದೊಡ್ಡ ಚಾರ್ಜಿಂಗ್ ಯಂತ್ರವೇ ಬೇಕೆಂದಿಲ್ಲ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಕಾರು ಮನೆಯ 15 ಆಂಪಿಯರ್ ಸಾಕೆಟ್‌ನಲ್ಲೇ ಚಾರ್ಜ್ ಆಗುತ್ತಿತ್ತು. ಇಂದಿನ ಕಾರುಗಳಿಗೂ ಆ ಸಾಕೆಟ್ ನಡೆಯುತ್ತದೆ. ಅದು ತಾಸಿಗೆ ಎರಡೂವರೆ ಯೂನಿಟ್ ತುಂಬಿದರೂ ಮೂರು ತಾಸಿನಲ್ಲಿ ನಾಳಿನ ಧಾರವಾಡದ ದಾರಿ ಸಿದ್ಧ.

ಹಾಗಾದರೆ ತೊಡಕು ಎಲ್ಲಿದೆ? ಹೊತ್ತಿನಲ್ಲಿ. ಪ್ಯಾನೆಲ್ ಮೈತುಂಬಿ ದುಡಿಯುವುದು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ. ನೌಕರಿಗೆ ಹೋಗುವವರ ಕಾರು ಆ ಹೊತ್ತಿಗೆ ಧಾರವಾಡದ ಕಚೇರಿಯ ಮುಂದೆ ನಿಂತಿರುತ್ತದೆ. ಅಂಥವರಿಗೆ ವಿದ್ಯುತ್ ಕಂಪನಿ ಹೆಸ್ಕಾಂನ ತಂತಿಯೇ ಹಗೇವು: ಹಗಲು ಹೆಚ್ಚಾದ ಯೂನಿಟ್ ಕಂಬಕ್ಕೆ ಹೋಗುತ್ತದೆ, ರಾತ್ರಿ ಕಾರಿಗೆ ಬೇಕಾದಷ್ಟು ವಾಪಸ್ ಬರುತ್ತದೆ, ನೆಟ್ ಮೀಟರ್ ಎರಡನ್ನೂ ಬರೆದಿಡುತ್ತದೆ. ಆದರೆ ಕರೆಂಟ್ ಹೋದರೆ, ರಣಬಿಸಿಲಿದ್ದರೂ ಈ ಬಗೆಯ ಸೋಲಾರ್ ತಾನೂ ನಿಂತುಬಿಡುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮಾಳಿಗೆಯ ವಿದ್ಯುತ್ತು ಹೊಡೆಯಬಾರದೆಂದೇ ಇನ್ವರ್ಟರ್‌ನಲ್ಲಿ ಹಾಗೆ ಏರ್ಪಾಡು ಮಾಡಿರುತ್ತಾರೆ. ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಇಟ್ಟುಕೊಳ್ಳಬಹುದು. ಆಗ ಖರ್ಚೂ ಏರುತ್ತದೆ. ಆ ಬ್ಯಾಟರಿಯಿಂದ ಕಾರಿಗೆ ತುಂಬಿದರೆ ಒಂದು ಹಗೇವಿನಿಂದ ತೆಗೆದು ಇನ್ನೊಂದಕ್ಕೆ ಸುರಿದಂತಾಗಿ, ನಡುವೆ ಒಂದಿಷ್ಟು ಕಾಳು ಚೆಲ್ಲಿಯೇ ಚೆಲ್ಲುತ್ತದೆ.

ಈ ವಿಷಯದಲ್ಲಿ ಪಟ್ಟಣಕ್ಕಿಂತ ಹಳ್ಳಿಗೇ ಅನುಕೂಲ ಹೆಚ್ಚು. ಮುಂಜಾನೆ ಎ.ಪಿ.ಎಂ.ಸಿ.ಗೆ ಹೋಗಿ 11ಕ್ಕೆ ಊರಿಗೆ ಮರಳುವ ರೈತನ ಕಾರು ಬಿಸಿಲಿನ ಹೊತ್ತೆಲ್ಲ ಮನೆಯ ಮುಂದೆಯೇ ಇರುತ್ತದೆ. ಪಟ್ಟಣದ ಅಪಾರ್ಟ್‌ಮೆಂಟಿನವರಿಗೆ ಸಿಗದ ಸ್ವಂತ ಮಾಳಿಗೆಯೂ ಇದೆ. ಆಗ ಕಾರಿನ ಬ್ಯಾಟರಿಯೇ ಹಗೇವು.

ಬಿಲ್ಲಿನ ಲೆಕ್ಕವನ್ನೂ ನೋಡಬೇಕು. ದಿನಕ್ಕೆ 7 ಯೂನಿಟ್‌ನಂತೆ ತಿಂಗಳಿಗೆ 26 ದಿನ ಓಡಿಸಿದರೆ ಕಾರಿಗೇ 182 ಯೂನಿಟ್. ಮನೆಯ ಬಳಕೆ ಸೇರಿ 200 ದಾಟಿದರೆ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ತು ಕೈತಪ್ಪಿ, ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಸೋಲಾರ್‌ನ ಮಾತು ಬರುವುದು ಇಲ್ಲೇ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವಿದೆ.

ಕೆಲವು ಜೋಪಾನಗಳೂ ಬೇಕು. ಪ್ಯಾನೆಲ್‌ಗೆ ಬೆಳಕು ಹಿತ, ಕಾವು ಆಗದು. ಅದರ ಮೈ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಶೇ 0.3–0.4ರಷ್ಟು ಉತ್ಪಾದನೆ ತಗ್ಗುತ್ತದೆ. ಆದ್ದರಿಂದ ಅಡಿಯಲ್ಲಿ ಗಾಳಿಯಾಡಲು ಸಂದು ಬಿಡಬೇಕು. ತೆಂಕಣಕ್ಕೆ ಮುಖಮಾಡಿ ಸುಮಾರು 15 ಡಿಗ್ರಿ ಓರೆಯಾಗಿ ನಿಲ್ಲಿಸಬೇಕು. ಸುಗ್ಗಿಯ ಧೂಳು ಕೂತರೆ ನಸುಕಿನಲ್ಲೇ ನೀರಿನಿಂದ ತೊಳೆಯಬೇಕು. ಕಾದ ಗಾಜಿಗೆ ತಣ್ಣೀರು ಎರಚಬಾರದು. ಜುಲೈನ ಮೋಡದಲ್ಲಿ ಫಸಲು ಅರ್ಧಕ್ಕಿಳಿಯುವ ದಿನಗಳೂ ಉಂಟು. ಕಾರಿನ ಸಾಕೆಟ್‌ಗೆ ಬೇರೆಯೇ ದಪ್ಪ ವೈರು, ಬೇರೆ ಎಂ.ಸಿ.ಬಿ. ಇರಲಿ, ಹಳೆಯ ವೈರು ತಾಸುಗಟ್ಟಲೆ ಇಷ್ಟು ಹೊರೆ ಹೊತ್ತರೆ ಕಾಯುತ್ತದೆ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿಸುವುದನ್ನು ಮರೆಯಬೇಡಿ. ಹೆಸರಲ್ಲೇ ಉಪ್ಪಿಟ್ಟುಕೊಂಡ ಉಪ್ಪಿನಬೆಟಗೇರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಪ್ಯಾನೆಲ್ ಮಾರುವವರನ್ನು ಕರೆಸುವ ಮೊದಲು ಒಂದು ವಾರ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ: 10ರಿಂದ 3ರವರೆಗೆ ಕಾರು ಎಲ್ಲಿತ್ತು, ದಿನಕ್ಕೆಷ್ಟು ಕಿ.ಮೀ. ಓಡಿತು. ಎಷ್ಟು ಪ್ಯಾನೆಲ್ ಬೇಕು, ಬ್ಯಾಟರಿ ಬೇಕೋ ಬೇಡವೋ ಎಂಬುದನ್ನು ಆ ಏಳು ಸಾಲುಗಳೇ ಹೇಳುತ್ತವೆ.