ಸಮರದಿಂದ ಮರಳಿದ ಮೂಲನಿವಾಸಿ ಯೋಧ: ಮೂರು ಕಾದಂಬರಿಗಳಲ್ಲಿ ಸ್ವತ್ವ ಮತ್ತು ಧರ್ಮಸಂಕಟ

ಯುದ್ಧದಿಂದ ಮರಳಿದ ಸೈನಿಕನ ಮನೋವ್ಯಥೆಯನ್ನು ಚಿತ್ರಿಸುವ ಕಾದಂಬರಿಗಳು ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಸಾಹಿತ್ಯದಲ್ಲಿ ವಿಪುಲವಾಗಿವೆ. ಆದರೆ ಉತ್ತರ ಅಮೆರಿಕದ ಮೂಲನಿವಾಸಿ ಸೈನಿಕನು ನಾಯಕನಾಗಿರುವ ಕೃತಿಗಳಲ್ಲಿ ಈ ವ್ಯಥೆಗೆ ಇನ್ನೊಂದು ಮುಖವುಂಟು. ತನ್ನ ಪೂರ್ವಿಕರ ನೆಲವನ್ನು ಕಸಿದುಕೊಂಡ ರಾಜ್ಯದ ಸಮವಸ್ತ್ರವನ್ನೇ ತೊಟ್ಟು, ತನಗೆ ಯಾವ ಅಪಕಾರವನ್ನೂ ಮಾಡದ ಜನರೊಡನೆ ಕಾದಿ ಬಂದವನು ಯಾರವನಾಗಿ ಮನೆಗೆ ಮರಳಬೇಕು? ಅವನ ಕೈಗೆ ಹತ್ತಿದ ರಕ್ತಕ್ಕೆ ಯಾವ ಧರ್ಮದಲ್ಲಿ ಪ್ರಾಯಶ್ಚಿತ್ತವಿದೆ? ಈ ಎರಡು ಪ್ರಶ್ನೆಗಳನ್ನು ಎನ್. ಸ್ಕಾಟ್ ಮೊಮಡೇ ಅವರ ‘ಹೌಸ್ ಮೇಡ್ ಆಫ್ ಡಾನ್’ (1968), ಲೆಸ್ಲಿ ಮಾರ್ಮನ್ ಸಿಲ್ಕೊ ಅವರ ‘ಸೆರಮನಿ’ (1977) ಮತ್ತು ಜೋಸೆಫ್ ಬಾಯ್ಡನ್ ಅವರ ‘ತ್ರೀ ಡೇ ರೋಡ್’ (2005) ಎಂಬ ಮೂರು ಕಾದಂಬರಿಗಳ ಆಧಾರದಿಂದ ವಿವೇಚಿಸುವುದು ಈ ಲೇಖನದ ಉದ್ದೇಶ. ಬಾಯ್ಡನ್ ಅವರು ಹೇಳಿಕೊಂಡ ಮೂಲನಿವಾಸಿ ವಂಶಸಂಬಂಧವು 2016ರಲ್ಲಿ ತೀವ್ರ ವಿವಾದಕ್ಕೆ ಒಳಗಾಯಿತು. ಆದಕಾರಣ ಅವರ ಕೃತಿಯನ್ನು ಕ್ರೀ ಜನರ ಆತ್ಮಸಾಕ್ಷ್ಯವೆಂದು ಭಾವಿಸದೆ, ಕ್ರೀ ಯೋಧರನ್ನು ಕುರಿತ ಕಲ್ಪನಾಕೃತಿಯೆಂದು ಮಾತ್ರ ನಾವು ಪರಿಗಣಿಸಿದ್ದೇವೆ.

ಮೊದಲು ಚರಿತ್ರೆಯ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೋಡಬಹುದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಪರವಾಗಿ ಸುಮಾರು 44,000 ಮೂಲನಿವಾಸಿಗಳು ಸೇವೆ ಸಲ್ಲಿಸಿದರು. 1924ರ ಶಾಸನವು ಅವರೆಲ್ಲರಿಗೂ ಪೌರತ್ವವನ್ನು ಕೊಟ್ಟಿತ್ತಾದರೂ, ಮೊದಲೆರಡು ಕಾದಂಬರಿಗಳ ಮುಖ್ಯ ರಂಗಭೂಮಿಯಾದ ನ್ಯೂ ಮೆಕ್ಸಿಕೊದಲ್ಲಿ ಮತದಾನದ ಹಕ್ಕು ಮೀಸಲು ಪ್ರದೇಶಗಳ ನಿವಾಸಿಗಳಿಗೆ ದೊರೆತದ್ದು 1948ರಲ್ಲಿ. ಅದೂ ಯುದ್ಧದಿಂದ ಮರಳಿದ ಇಸ್ಲೆಟಾ ಪ್ವೆಬ್ಲೊದ ಮಿಗೆಲ್ ಟ್ರುಹಿಯೊ ಎಂಬವರು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ. ಕೆನಡಾದಲ್ಲಿಯಂತೂ ಮೂಲನಿವಾಸಿಗಳು ತಮ್ಮ ಶಾಸನಬದ್ಧ ಸ್ಥಾನವನ್ನು ತೊರೆಯದೆ ರಾಷ್ಟ್ರೀಯ ಚುನಾವಣೆಗಳಲ್ಲಿ ಮತ ನೀಡುವ ಹಕ್ಕು 1960ರವರೆಗೆ ಬರಲಿಲ್ಲ. ಸಮವಸ್ತ್ರವಿರುವವರೆಗೆ ಸಮಾನತೆ, ಅದನ್ನು ಕಳಚಿದೊಡನೆ ಹಳೆಯ ತಿರಸ್ಕಾರ: ಇದು ಅಂದಿನ ಸ್ಥಿತಿ. ‘ಸೆರಮನಿ’ಯಲ್ಲಿ ಮರಳಿ ಬಂದ ಸೈನಿಕರು ಮದ್ಯದಂಗಡಿಯಲ್ಲಿ ಕುಳಿತು, ಬಿಳಿಯರು ತಮ್ಮನ್ನು ಆದರಿಸಿದ ಆ ಕೆಲವು ದಿನಗಳನ್ನೇ ಮತ್ತೆ ಮತ್ತೆ ವರ್ಣಿಸುತ್ತಾರೆ. ಅವರು ಸ್ಮರಿಸುವುದು ಯುದ್ಧವನ್ನಲ್ಲ, ಯುದ್ಧವು ಕೊಟ್ಟು ಕಿತ್ತುಕೊಂಡ ಗೌರವವನ್ನು.

ಮೊಮಡೇ ಅವರ ನಾಯಕನಾದ ಏಬೆಲ್ 1945ರಲ್ಲಿ ಊರಿಗೆ ಬಂದಿಳಿಯುವಾಗ ಕುಡಿದ ಅಮಲಿನಲ್ಲಿದ್ದಾನೆ. ಎದುರುಗೊಳ್ಳಲು ಬಂದ ಅಜ್ಜನ ಗುರುತೂ ಅವನಿಗೆ ಹತ್ತುವುದಿಲ್ಲ. ಯುದ್ಧದ ನೆನಪುಗಳು ಅವನಲ್ಲಿ ಛಿನ್ನಭಿನ್ನವಾಗಿವೆ. ಎಲೆಗಳ ನಡುವಿನಿಂದ ಬೆಟ್ಟದ ಮೇಲೆ ಕಾಣಿಸಿಕೊಂಡ ಒಂದು ಟ್ಯಾಂಕು ಮಾತ್ರ ಸ್ಪಷ್ಟ. ಊರಿನ ಹಾಡು, ಪ್ರಾರ್ಥನೆಗಳ ಭಾಷೆ ಅವನ ನಾಲಗೆಗೆ ಬರುವುದಿಲ್ಲ. ಹಾಗೆಂದು ಎಲ್ಲ ಹೊಣೆಯನ್ನೂ ಯುದ್ಧದ ಮೇಲೆ ಹೊರಿಸುವುದು ಸರಿಯಲ್ಲ. ಸೇನೆಗೆ ಸೇರುವ ಮೊದಲೇ ಅವನು ತಾನು ಹಿಡಿದ ಹದ್ದಿನ ದೈನ್ಯವನ್ನು ಕಂಡು ಸಹಿಸಲಾರದೆ ಅದನ್ನು ಕೊಂದಿದ್ದನೆಂಬುದನ್ನು ಕಾದಂಬರಿ ಮರೆಯದೆ ಹೇಳುತ್ತದೆ. ಬಿರುಕು ಮೊದಲೇ ಇತ್ತು, ಯುದ್ಧವು ಅದನ್ನು ಕಂದರವನ್ನಾಗಿ ಮಾಡಿತು. ಮುಂದೆ ಅವನು ಊರಿನಲ್ಲಿ ಒಬ್ಬ ಬಿಳಿಚ ಮೈಯವನನ್ನು ದುಷ್ಟಶಕ್ತಿಯೆಂದು ಬಗೆದು ಇರಿದು ಕೊಲ್ಲುತ್ತಾನೆ. ನ್ಯಾಯಾಲಯಕ್ಕೆ ಅದು ನರಹತ್ಯೆ. ಏಬೆಲನ ಮನಸ್ಸಿಗೆ ಕೇಡಿನ ನಿವಾರಣೆ. ವಿದೇಶದಲ್ಲಿ ಅಪರಿಚಿತರನ್ನು ಕೊಲ್ಲಲು ಕಳುಹಿಸಿದ ರಾಜ್ಯವೇ ಇಲ್ಲಿ ಅವನನ್ನು ಸೆರೆಮನೆಗೆ ತಳ್ಳುತ್ತದೆ. ಇವೆರಡರ ನಡುವಿನ ಭೇದವನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಯಾರೂ ವಿವರಿಸುವುದಿಲ್ಲ.

ಈ ಪ್ರಶ್ನೆಯನ್ನು ಅತ್ಯಂತ ಆಳವಾಗಿ ಶೋಧಿಸಿದವರು ಸಿಲ್ಕೊ. ಅವರ ನಾಯಕ ಟೇಯೊ ಲಗೂನಾ ಪ್ವೆಬ್ಲೊದವನು, ಮಿಶ್ರರಕ್ತದವನು. ಪೆಸಿಫಿಕ್ ರಣರಂಗದಲ್ಲಿ ಸೆರೆಸಿಕ್ಕ ಜಪಾನಿ ಸೈನಿಕರನ್ನು ಗುಂಡಿಕ್ಕಿ ಕೊಲ್ಲುವಂತೆ ಆಜ್ಞೆಯಾದಾಗ, ಅವರಲ್ಲಿ ಒಬ್ಬನ ಮುಖ ಅವನಿಗೆ ತನ್ನ ಸೋದರಮಾವನಾದ ಜೊಸಾಯನ ಮುಖವಾಗಿ ಕಾಣುತ್ತದೆ. ಅವನ ಕೈ ಏಳುವುದಿಲ್ಲ. ಗಾಯಗೊಂಡ ರಾಕಿಯನ್ನು, ಸೋದರನಂತೆ ಜೊತೆಯಲ್ಲಿ ಬೆಳೆದವನನ್ನು, ಹೊತ್ತು ನಡೆಯುವಾಗ ಎಡೆಬಿಡದೆ ಸುರಿಯುವ ಮಳೆಯನ್ನು ಅವನು ಶಪಿಸುತ್ತಾನೆ. ರಾಕಿ ಉಳಿಯುವುದಿಲ್ಲ. ಊರಿಗೆ ಬಂದು ನೋಡಿದರೆ ಜೊಸಾಯನು ತೀರಿಕೊಂಡಿದ್ದಾನೆ. ಬರ ಬಂದಿದೆ, ದನಗಳು ಬಡಕಲಾಗಿವೆ. ತನ್ನ ಶಾಪವೇ ಇದಕ್ಕೆ ಕಾರಣವೆಂದು ಅವನು ನಂಬುತ್ತಾನೆ. ಸೈನಿಕ ಆಸ್ಪತ್ರೆಯ ವೈದ್ಯರಾದರೋ ಇತರರ ಚಿಂತೆಯನ್ನು ಬಿಟ್ಟು ತನ್ನೊಬ್ಬನನ್ನೇ ನೆನೆಯಬೇಕೆಂದೂ, ‘ನಾವು’ ಎಂಬ ಮಾತನ್ನು ಬಿಡುವವರೆಗೆ ಗುಣವಾಗದೆಂದೂ ಅವನಿಗೆ ವಿಧಿಸಿರುತ್ತಾರೆ. ಅವನ ಜನರ ದೃಷ್ಟಿಯಲ್ಲಿ ಆ ‘ನಾವು’ ಎಂಬುದನ್ನು ಕಳೆದುಕೊಳ್ಳುವುದೇ ರೋಗ.

ಶತ್ರುವನ್ನು ಕೊಂದು ಬಂದವನನ್ನು ಶುದ್ಧಗೊಳಿಸುವ ವಿಧಿ ಪ್ವೆಬ್ಲೊ ಸಮಾಜದಲ್ಲಿ ಹಿಂದಿನಿಂದಲೂ ಇತ್ತು. ವೃದ್ಧ ವೈದ್ಯನಾದ ಕೂಊಷನು ಅದನ್ನು ನಡೆಸಲು ಬರುತ್ತಾನೆ. ಆಗ ಟೇಯೊ ಹೇಳುವ ಮಾತು ವೃದ್ಧನನ್ನು ದಿಗ್ಭ್ರಮೆಗೊಳಿಸುತ್ತದೆ: ತಾನು ಯಾರನ್ನಾದರೂ ಕೊಂದೆನೋ ಇಲ್ಲವೋ ಅವನಿಗೇ ತಿಳಿಯದು. ಕೊಂದವನಿಗೆ ಕೊಂದದ್ದು ತಿಳಿಯದಷ್ಟು ದೂರದಿಂದ ನಡೆಯುವ ಸಂಹಾರವು ಆ ವೃದ್ಧನ ಕಲ್ಪನೆಗೆ ಮೀರಿದ್ದು. ಹಳೆಯ ವಿಧಿಯು ಕೊಂದವನನ್ನೂ ಸತ್ತವನನ್ನೂ ಮುಖಾಮುಖಿಯಾಗಿ ನಿಲ್ಲಿಸಿ ಲೆಕ್ಕ ತೀರಿಸುತ್ತಿತ್ತು. ಆಧುನಿಕ ಯುದ್ಧವು ಸತ್ತವನ ಮುಖವನ್ನೇ ಅಳಿಸಿಬಿಡುತ್ತದೆ. ಮುಖವಿಲ್ಲದ ಪಾಪಕ್ಕೆ ಪ್ರಾಯಶ್ಚಿತ್ತ ದೊರೆಯುವುದು ಹೇಗೆ? ಮಿಶ್ರರಕ್ತದ ನವಾಹೊ ವೈದ್ಯನಾದ ಬೆಟೋನಿ ಇದಕ್ಕೆ ಉತ್ತರವನ್ನು ಸೂಚಿಸುತ್ತಾನೆ: ಕಾಲಕ್ಕೆ ತಕ್ಕಂತೆ ವಿಧಿಯೂ ಬೆಳೆಯಬೇಕು, ಬೆಳೆಯದ ವಿಧಿ ನಿರ್ಜೀವವಾಗುತ್ತದೆ. ಕಾದಂಬರಿಯ ಕೊನೆಯ ಭಾಗವು ಯುರೇನಿಯಂ ಗಣಿಯೊಂದರ ಬಳಿ ನಡೆಯುತ್ತದೆ. ಜಗತ್ತಿನ ಮೊದಲ ಪರಮಾಣು ಸ್ಫೋಟವು 1945ರ ಜುಲೈ 16ರಂದು ನಡೆದದ್ದು ನ್ಯೂ ಮೆಕ್ಸಿಕೊದ ನೆಲದಲ್ಲಿಯೇ. ಜಪಾನಿಯ ಮುಖದಲ್ಲಿ ಸೋದರಮಾವನ ಮುಖ ಕಂಡದ್ದು ಭ್ರಾಂತಿಯಲ್ಲವೆಂದು ಟೇಯೊಗೆ ಇಲ್ಲಿ ಹೊಳೆಯುತ್ತದೆ. ಒಂದೇ ವಿನಾಶದ ಕೆಳಗೆ ಎಲ್ಲರೂ ಒಂದೇ ಕುಲದವರಾಗಿದ್ದಾರೆ.

ಬಾಯ್ಡನ್ ಅವರ ಕಾದಂಬರಿಯ ಕಾಲ ಮೊದಲನೆಯ ಮಹಾಯುದ್ಧ. ಸೇವಿಯರ್ ಮತ್ತು ಎಲೈಜಾ ಎಂಬ ಕ್ರೀ ಗೆಳೆಯರಿಬ್ಬರೂ ಬೇಟೆಯ ನೈಪುಣ್ಯದಿಂದ ಕೆನಡಾ ಸೇನೆಯ ಗುರಿಕಾರರಾಗುತ್ತಾರೆ. ಎಲೈಜಾ ಮಾರ್ಫಿನ್‌ಗೆ ದಾಸನಾಗಿ ಕೊಲ್ಲುವುದರಲ್ಲಿಯೇ ಸುಖ ಕಾಣತೊಡಗುತ್ತಾನೆ. ನರಮಾಂಸದ ಹಸಿವಿಗೆ ಸಿಕ್ಕಿ ಮನುಷ್ಯತ್ವವನ್ನು ನೀಗಿದವನನ್ನು ಕ್ರೀ ಜನರು ‘ವಿಂಡಿಗೊ’ ಎನ್ನುತ್ತಾರೆ. ಅಂಥವನನ್ನು ಕೊಂದು ಬಳಗವನ್ನು ರಕ್ಷಿಸುವ ಹೊಣೆ ಸೇವಿಯರನ ಚಿಕ್ಕಮ್ಮ ನಿಸ್ಕಾಳ ವಂಶದ್ದು. ಹಾಗೆ ಒಬ್ಬರನ್ನು ಕೊಂದುದಕ್ಕಾಗಿ ಅವಳ ತಂದೆಯನ್ನು ಸರಕಾರ ಸೆರೆಮನೆಗೆ ಹಾಕಿತ್ತು. ಅದೇ ಸರಕಾರದ ಸೇನೆ ಈಗ ಎಲೈಜಾನ ಸಂಹಾರಗಳನ್ನು ಕೊಂಡಾಡುತ್ತದೆ. ಕೊನೆಗೆ ಸೇವಿಯರನೇ ಗೆಳೆಯನನ್ನು ಕೊಲ್ಲಬೇಕಾಗುತ್ತದೆ. ಬಳಿಕ ಅವನು ಕಾಲನ್ನು ಕಳೆದುಕೊಂಡು ಊರ ಕಡೆಗೆ ಬರುವಾಗ, ಬಂದವನು ಎಲೈಜಾ ಎಂದೇ ನಿಸ್ಕಾಳಿಗೆ ಸುದ್ದಿಯಿರುತ್ತದೆ. ಸ್ವತ್ವನಾಶಕ್ಕೆ ಇದಕ್ಕಿಂತ ಕಠೋರವಾದ ದೃಷ್ಟಾಂತ ವಿರಳ.

ಈಗ ಒಂದು ವಿರೋಧಾಭಾಸವನ್ನು ಗಮನಿಸಬೇಕು. ಸೇವಿಯರನು ಕೊಲ್ಲುವುದರಿಂದ ತನ್ನ ಧರ್ಮವನ್ನು ಪಾಲಿಸುತ್ತಾನೆ, ಟೇಯೊ ಕೊಲ್ಲದಿರುವುದರಿಂದ. ಸತ್ತ ಜಪಾನಿಯರ ಹಲ್ಲುಗಳನ್ನು ಚೀಲದಲ್ಲಿಟ್ಟು ಮೆರೆಯುವ ಈಮೊ, ಗಣಿಯ ಬಳಿ ಹಾರ್ಲಿಯನ್ನು ಹಿಂಸಿಸುತ್ತಿರುವಾಗ, ಟೇಯೊ ಕೈಯಲ್ಲಿ ಆಯುಧವಿದ್ದೂ ಮುನ್ನುಗ್ಗದೆ ಅಡಗಿ ನಿಲ್ಲುತ್ತಾನೆ. ಮುನ್ನುಗ್ಗಿದ್ದರೆ ಯುದ್ಧದ ಸರಪಳಿಗೆ ಇನ್ನೊಂದು ಕೊಂಡಿ ಸೇರುತ್ತಿತ್ತು. ಆದರೆ ಆ ಸಂಯಮದ ಬೆಲೆಯನ್ನು ಹಾರ್ಲಿ ತನ್ನ ಪ್ರಾಣದಿಂದ ತೆರುತ್ತಾನೆ. ಇದನ್ನು ನಿರಾಯಾಸವಾದ ವಿಜಯವೆಂದು ಬೋಧಿಸುವುದು ತಪ್ಪೆಂದು ನಮ್ಮ ಅಭಿಪ್ರಾಯ. ಅಂತೆಯೇ ಸೇವಿಯರನ ಕೃತ್ಯವನ್ನು ಪವಿತ್ರ ಕರ್ತವ್ಯವೆಂದಷ್ಟೇ ಹೇಳಿ ಮುಗಿಸಲಾಗದು. ಅವನು ಕೊಂದದ್ದು ಬಾಲ್ಯದ ಗೆಳೆಯನನ್ನು. ಎರಡರಲ್ಲಿಯೂ ಸಮಾನವಾದುದು ಇಷ್ಟು: ಇಬ್ಬರೂ ಸೇನೆಯ ಆಜ್ಞೆಯನ್ನು ಬದಿಗಿರಿಸಿ ತಮ್ಮ ಜನರ ನ್ಯಾಯಕ್ಕೆ ಉತ್ತರ ಹೇಳುವವರಾಗುತ್ತಾರೆ. ಸ್ವತ್ವವೂ ಧರ್ಮವೂ ಈ ಕೃತಿಗಳಲ್ಲಿ ಬೇರೆ ಬೇರೆಯಲ್ಲ. ತಾನು ಯಾರಿಗೆ ಉತ್ತರ ಹೇಳಬೇಕೆಂಬುದನ್ನು ಅರಿತವನಿಗೆ ತಾನು ಯಾರೆಂಬುದೂ ತಿಳಿಯುತ್ತದೆ.

ಆದುದರಿಂದ ಇವುಗಳನ್ನು ಮನೋರೋಗದ ವರದಿಗಳಂತೆ ಮಾತ್ರ ಓದಿದರೆ ಸಾಲದು. ಮೂರರಲ್ಲಿಯೂ ಔಷಧಿಯ ಸ್ಥಾನದಲ್ಲಿ ಮಾತಿದೆ: ಮರಣಶಯ್ಯೆಯಲ್ಲಿ ಅಜ್ಜನು ಬೆಳಗಿನ ಜಾವಗಳಲ್ಲಿ ಆಡುವ ನೆನಪುಗಳು, ಬೆಟೋನಿಯ ಕಥೆಗಳು, ಮೂರು ದಿನದ ದೋಣಿಯ ಹಾದಿಯಲ್ಲಿ ನಿಸ್ಕಾ ಹೇಳುತ್ತ ಸಾಗುವ ಬಾಳಿನ ವೃತ್ತಾಂತ. ಅಜ್ಜನ ಮರಣಾನಂತರ ಏಬೆಲ್ ಮುಂಜಾವಿನ ಓಟಗಾರರ ಹಿಂದೆ ಓಡುತ್ತಾನೆ. ಬೀಳುತ್ತಾನೆ, ಎದ್ದು ಮತ್ತೆ ಓಡುತ್ತಾನೆ. ಅವನು ಗುಣಹೊಂದಿದನೆಂದು ಮೊಮಡೇ ಹೇಳುವುದಿಲ್ಲ. ಹಾಡಿನ ಮಾತುಗಳು ಅವನ ನೆನಪಿಗೆ ಬಂದವೆಂಬುದನ್ನಷ್ಟೇ ತಿಳಿಸಿ ಕಾದಂಬರಿ ನಿಲ್ಲುತ್ತದೆ.