ತೊಗಟೆಯ ಮರೆಯ ಜೀರುಂಡೆ

ಅಕ್ಕಿಕಾಳಿನಷ್ಟು ಗಾತ್ರದ ಜೀರುಂಡೆಯೊಂದು ನೂರು ವರ್ಷ ಬಾಳಿದ ಪೈನ್ ಮರವನ್ನು ಕೊಲ್ಲಬಲ್ಲುದೆಂದರೆ ವಾಚಕರು ಬೇಗ ನಂಬಲಾರರು. ಉತ್ತರ ಅಮೆರಿಕದ ಪಶ್ಚಿಮ ಪರ್ವತಗಳಲ್ಲಿ ಇದು ಹೊಸ ಸಂಗತಿಯಲ್ಲ. ಸುಮಾರು 5 ಮಿಲಿಮೀಟರ್ ಉದ್ದದ ಈ ಕೀಟದ ಶಾಸ್ತ್ರೀಯ ನಾಮ ಡೆಂಡ್ರಾಕ್ಟೋನಸ್ ಪಾಂಡೆರೋಸೆ. ಮೊದಲ ಪದಕ್ಕೆ ಗ್ರೀಕ್ ಮೂಲದಲ್ಲಿ ಮರವನ್ನು ಕೊಲ್ಲುವುದು ಎಂದೇ ಅರ್ಥ.

ಮರವೇನೂ ನಿರಾಯುಧವಲ್ಲ. ತೊಗಟೆಯನ್ನು ಕೊರೆದೊಡನೆ ರಾಳವನ್ನು ಸ್ರವಿಸಿ ಕೀಟವನ್ನು ಹೊರದೂಡುತ್ತದೆ, ಇಲ್ಲವೇ ಆ ಅಂಟಿನಲ್ಲಿಯೇ ಹುದುಗಿಸಿ ಕೊಲ್ಲುತ್ತದೆ. ಒಂಟಿ ಜೀರುಂಡೆಗೆ ಬಲಿಷ್ಠ ಮರ ಮಣಿಯದು. ಆದಕಾರಣ ಮೊದಲು ಬಂದ ಹೆಣ್ಣು, ಆ ರಾಳದ ಅಂಶದಿಂದಲೇ ಒಂದು ವಾಸನಾದ್ರವ್ಯವನ್ನು ಸಿದ್ಧಪಡಿಸಿ ಗಾಳಿಗೆ ಬಿಡುತ್ತದೆ. ಶತ್ರುವಿನ ಅಸ್ತ್ರದಿಂದಲೇ ಸ್ವಜನರನ್ನು ಕರೆಯುವ ಈ ಚಾತುರ್ಯ ಬೆರಗು ಹುಟ್ಟಿಸುವಂಥದು. ನೂರಾರು ಜೀರುಂಡೆಗಳು ಬಂದೆರಗುತ್ತವೆ; ರಾಳ ಸಾಲದಾಗುತ್ತದೆ. ಮರ ಭರ್ತಿಯಾದಾಗ ಬೇರೊಂದು ವಾಸನೆ ಹೊಮ್ಮಿ, ತಡವಾಗಿ ಬಂದವರನ್ನು ನೆರೆಯ ಮರಕ್ಕೆ ಕಳುಹಿಸುತ್ತದೆ.

ಕೀಟದ ಬಾಯಿಯ ಭಾಗದಲ್ಲಿರುವ ಸೂಕ್ಷ್ಮ ಚೀಲಗಳಲ್ಲಿ ಶಿಲೀಂಧ್ರದ ಬೀಜಕಗಳಿರುತ್ತವೆ. ಅವು ಮರದೊಳಗೆ ಹಬ್ಬಿ, ಕಟ್ಟಿಗೆಗೆ ನೀಲಿ ಬಣ್ಣ ಬರಿಸಿ, ನೀರೇರುವ ದಾರಿಯನ್ನು ಮುಚ್ಚುತ್ತವೆ; ಮರಿಹುಳುಗಳಿಗೆ ಪೋಷಣೆಯೂ ಆಗುತ್ತವೆ. ತಾಯಿಯು ತೊಗಟೆಯ ಒಳಪದರದಲ್ಲಿ ಮೇಲ್ಮುಖವಾಗಿ ಸುರಂಗ ತೋಡಿ ಇಕ್ಕೆಲಗಳಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಅಡ್ಡಡ್ಡಲಾಗಿ ಕೊರೆಯುತ್ತವೆ. ಆಹಾರ ಸಾಗುವ ಪದರ ಹೀಗೆ ಕಡಿದುಹೋಗುತ್ತದೆ. ಮರುವರ್ಷ ಎಲೆಗಳು ಕೆಂಪಗಾದಾಗಲೇ ದೂರದಿಂದ ನೋಡುವವರಿಗೆ ಸಾವು ಗೊತ್ತಾಗುವುದು. ಅಷ್ಟರಲ್ಲಿ ಹೊಸ ಪೀಳಿಗೆ ಹಾರಲು ಸಿದ್ಧವಾಗಿರುತ್ತದೆ.

ಇದನ್ನು ಕೇವಲ ಪೀಡೆಯೆಂದು ಜರೆಯುವುದು ನ್ಯಾಯವಲ್ಲ. ಇದು ಆ ಕಾಡಿನದೇ ಜೀವಿ. ಸಾಮಾನ್ಯ ಕಾಲದಲ್ಲಿ ದುರ್ಬಲ ಮರಗಳನ್ನಷ್ಟೇ ಹಿಡಿಯುತ್ತದೆ. ಮರಕುಟಿಗಗಳು ಇದರ ಮರಿಗಳನ್ನು ಹೆಕ್ಕಿ ತಿನ್ನುತ್ತವೆ. ಆದರೆ ಇದಕ್ಕೆ ದೊಡ್ಡ ಕಡಿವಾಣ ಚಳಿಯೇ. ಮರಿಹುಳುಗಳು ಗ್ಲಿಸರಾಲ್ ಎಂಬ ದ್ರವ್ಯವನ್ನು ಮೈಯಲ್ಲಿ ತುಂಬಿಕೊಂಡು ಹೆಪ್ಪುಗಟ್ಟದೆ ಉಳಿಯುತ್ತವೆ. ನಡುಚಳಿಗಾಲದಲ್ಲಿ ಅವುಗಳನ್ನು ಸಂಹರಿಸಲು ಶೂನ್ಯಕ್ಕಿಂತ 40 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿನ ಶೀತ ಬೇಕು.

ಅಂಥ ಶೀತ ವಿರಳವಾಯಿತು. ಕಾಳ್ಗಿಚ್ಚನ್ನು ದಶಕಗಳ ಕಾಲ ಆರಿಸುತ್ತ ಬಂದ ಮನುಷ್ಯನಿಂದಾಗಿ ವಯಸ್ಸಾದ ಪೈನ್ ಮರಗಳೂ ಹೇರಳವಾಗಿದ್ದವು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1990ರ ದಶಕದಲ್ಲಿ ತೊಡಗಿದ ಹಾವಳಿ ಸುಮಾರು 1 ಕೋಟಿ 80 ಲಕ್ಷ ಹೆಕ್ಟೇರ್ ಕಾಡನ್ನು ತಟ್ಟಿತು. 2006ರಲ್ಲಿ ಗಾಳಿಯೊಡನೆ ಅಪಾರ ಸಂಖ್ಯೆಯ ಜೀರುಂಡೆಗಳು ರಾಕಿ ಪರ್ವತಗಳನ್ನು ದಾಟಿ ಆಲ್ಬರ್ಟಾ ಪ್ರಾಂತ್ಯಕ್ಕೆ ಇಳಿದವು. ಅಲ್ಲಿ ಜಾಕ್ ಪೈನ್ ಎಂಬ ಹೊಸ ಜಾತಿಯ ಮರದಲ್ಲಿಯೂ ಸಂತಾನ ಬೆಳೆಸಿದವು. ಆ ಮರದ ಕಾಡು ಪೂರ್ವಕ್ಕೆ ಅಟ್ಲಾಂಟಿಕ್ ದಿಕ್ಕಿನವರೆಗೂ ಹಬ್ಬಿದೆ. 2019ರಿಂದೀಚೆಗೆ ಬಂದ ಕೆಲವು ಕಡುಚಳಿಗಳು ಆಲ್ಬರ್ಟಾದಲ್ಲಿ ಅವುಗಳ ಸಂಖ್ಯೆಯನ್ನು ಬಹುವಾಗಿ ಇಳಿಸಿವೆ.