ಎದೆಯ ಮೇಲಿನ ಕಪ್ಪು ಫಲಕ

ಮಾರ್ಮನ್ನರೆಂದು ಜನ ಕರೆಯುವ ಲೇಟರ್-ಡೇ ಸೇಂಟ್ಸ್ ಚರ್ಚಿನಲ್ಲಿ ತರುಣರ ಧರ್ಮಪ್ರಚಾರ ಸೇವೆ 24 ತಿಂಗಳದು, ತರುಣಿಯರದು 18 ತಿಂಗಳದು. 2012ರಿಂದ ಹುಡುಗರು ಹದಿನೆಂಟಕ್ಕೇ ಹೊರಡಬಹುದು. ಊರನ್ನು ಆರಿಸುವುದು ಚರ್ಚು; ಸಂಬಳವಿಲ್ಲ. ಬೆಂಗಳೂರಿನಲ್ಲೂ 1993ರಿಂದ ಈ ಚರ್ಚಿನ ಒಂದು ಪ್ರಚಾರ ಕೇಂದ್ರವಿದೆ.

ಸೇವೆ ಮುಗಿಯುತ್ತ ಬಂದರೂ ದಿನಚರಿ ಸಡಿಲವಾಗುವುದಿಲ್ಲ. ಸಾಮಾನ್ಯವಾಗಿ ಬೆಳಿಗ್ಗೆ 6:30ಕ್ಕೆ ಏಳುವುದು, ವ್ಯಾಯಾಮ, ಗ್ರಂಥಾಧ್ಯಯನ, ಆಮೇಲೆ ಹಗಲೆಲ್ಲ ಜನರ ಭೇಟಿ. ಜೊತೆಗಾರ ಪ್ರಚಾರಕನನ್ನು ಬಿಟ್ಟು ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ. ಬಟ್ಟೆ ಒಗೆತ, ಸಂತೆ ಸಾಮಾನು, ಮನೆಗೆ ಪತ್ರ, ಎಲ್ಲಕ್ಕೂ ವಾರದಲ್ಲಿ ಒಂದೇ ದಿನ. ಹಿಂದೆ ಮನೆಯವರ ದನಿ ಕೇಳುತ್ತಿದ್ದುದು ಕ್ರಿಸ್‌ಮಸ್‌ಗೆ, ತಾಯಂದಿರ ದಿನಕ್ಕೆ ಮಾತ್ರ. 2019ರಿಂದ ವಾರಕ್ಕೊಮ್ಮೆ ಫೋನ್ ಅಥವಾ ವಿಡಿಯೊ ಕರೆ ಮಾಡಬಹುದು. ಇಪ್ಪತ್ತರ ಹರೆಯಕ್ಕೆ ಇದು ಸಣ್ಣ ಸಮಾಧಾನವಲ್ಲ.

ಮನಸ್ಸು ಆಗಲೇ ಊರು ಸೇರಿದವನನ್ನು ಅವರ ಆಡುಮಾತಿನಲ್ಲಿ ‘ಟ್ರಂಕಿ’ ಎನ್ನುತ್ತಾರೆ: ಟ್ರಂಕು ಕಟ್ಟಿ ಕೂತವನು. ಅನುಭವಿಯಾದ ಕಾರಣ ಹೊಸಬರನ್ನು ತಿದ್ದುವ ಹೊಣೆಯೂ ಹಲವೊಮ್ಮೆ ಆಗಲೇ ಹೆಗಲೇರಿರುತ್ತದೆ. ಕೊನೆಗೆ ಪ್ರಚಾರ ಕೇಂದ್ರದ ಅಧ್ಯಕ್ಷರೊಡನೆ ಬೀಳ್ಕೊಡುಗೆಯ ಸಂದರ್ಶನ. ಮನೆ ತಲುಪಿದರೂ, ಸ್ಥಳೀಯ ಧರ್ಮನಾಯಕ ವಿಧ್ಯುಕ್ತವಾಗಿ ಬಿಡುಗಡೆ ಮಾಡುವವರೆಗೆ ಹೆಸರಿನ ಕಪ್ಪು ಫಲಕವನ್ನು ಅವನು ಎದೆಯಿಂದ ತೆಗೆಯುವುದಿಲ್ಲ.